ಕಿಣ್ವ ಎಲ್ಲಿಗೆ ಕೈಹಾಕುತ್ತದೆ? ಮದ್ದೂರಿನ ಲ್ಯಾಬಿನಿಂದ ಕೆಲವು ಡಿಎನ್‌ಎ ಪಾಠಗಳು

ಮದ್ದೂರಿನಲ್ಲಿ ಪಿಯುಸಿ, ಬಿ.ಎಸ್ಸಿ. ಓದುವವರಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಕಬ್ಬು, ಭತ್ತ, ರೇಷ್ಮೆ ಮಾಡುವ ಮನೆಗಳ ಮಕ್ಕಳೇ ಹೆಚ್ಚು. ಡಿಎನ್‌ಎ ಚಿತ್ರ ಎಲ್ಲರಿಗೂ ಬರುತ್ತದೆ: ಎರಡು ಸುರುಳಿ ಗೆರೆ, ನಡುವೆ ಅಡ್ಡಪಟ್ಟಿ. ಕಿಣ್ವಗಳ ಹೆಸರೂ ಬಾಯಿಗೆ ಬರುತ್ತದೆ: ರಿಸ್ಟ್ರಿಕ್ಷನ್ ಕಿಣ್ವ ಕತ್ತರಿಸುತ್ತದೆ, ಲೈಗೇಸ್ ಬೆಸೆಯುತ್ತದೆ. ‘ಸರಿ, ಕತ್ತರಿಸುವುದು ಈ ಚಿತ್ರದ ಯಾವ ಗೆರೆಯನ್ನು, ಬಂದು ತೋರಿಸಿ’ ಅಂದರೆ ಅರ್ಧ ತರಗತಿ ಅಡ್ಡಪಟ್ಟಿಯನ್ನು ತೋರಿಸುತ್ತದೆ. ಪುಸ್ತಕದಲ್ಲಿ ರಚನೆ ಒಂದು ಅಧ್ಯಾಯ, ಕಿಣ್ವಗಳು ಎಷ್ಟೋ ಪುಟಗಳಾಚೆಯ ಇನ್ನೊಂದು ಅಧ್ಯಾಯ ಆಗಿರುವುದರ ಫಲ ಇದು. ಎರಡನ್ನೂ ಕೂಡಿಸಿಯೇ ಹೇಳಿಕೊಡಬೇಕು ಎಂಬುದು ನನ್ನ ಪಕ್ಷ. ಹಾಗೆ ಹೇಳಿಕೊಡುವಾಗ ಗಟ್ಟಿಯಾಗಿ ನಿಂತ ಕೆಲವು ಮಾತುಗಳು ಇಲ್ಲಿವೆ. ಎಲ್ಲದರ ತಳದಲ್ಲೂ ಒಂದೇ ಪ್ರಶ್ನೆ: ಈ ಕಿಣ್ವ ಯಾವ ಬಂಧಕ್ಕೆ ಕೈಹಾಕುತ್ತದೆ?

1. ಎರಡು ಬಗೆಯ ಬಂಧವನ್ನು ಮೊದಲ ದಿನವೇ ಬೇರೆಮಾಡಿ ತೋರಿಸಿ

ಡಿಎನ್‌ಎಯ ಒಂದೊಂದು ಎಳೆಯೂ ಸಕ್ಕರೆ, ಫಾಸ್ಫೇಟ್, ಮತ್ತೆ ಸಕ್ಕರೆ, ಮತ್ತೆ ಫಾಸ್ಫೇಟ್ ಎಂದು ಸಾಗುತ್ತದೆ. ಕೆ.ಎಂ. ದೊಡ್ಡಿಯ ಫ್ಯಾಕ್ಟರಿಯ ಸಕ್ಕರೆಯಲ್ಲ, ಐದು ಕಾರ್ಬನ್‌ಗಳ ಡಿಆಕ್ಸಿರೈಬೋಸ್. ಒಂದು ಸಕ್ಕರೆಯ ಮೂರನೇ ಕಾರ್ಬನ್ನನ್ನು ಮುಂದಿನ ಸಕ್ಕರೆಯ ಐದನೇ ಕಾರ್ಬನ್ನಿಗೆ ನಡುವಿನ ಫಾಸ್ಫೇಟ್ ಕಟ್ಟಿಹಾಕುತ್ತದೆ. ಇದು ಗಟ್ಟಿ ಬಂಧ. ಎರಡು ಎಳೆಗಳ ನಡುವಿನದು ಬೇರೆ. ಎ ಎದುರು ಟಿ ಕೂತರೆ ಎರಡು ಹೈಡ್ರೋಜನ್ ಬಂಧ, ಜಿ ಎದುರು ಸಿ ಕೂತರೆ ಮೂರು. ಬಿಡಿಬಿಡಿಯಾಗಿ ನೋಡಿದರೆ ಇವು ದುರ್ಬಲ. ಇವುಗಳ ಜೊತೆಗೆ, ಒಂದರ ಮೇಲೊಂದು ಚಪ್ಪಟೆಯಾಗಿ ಕೂತ ಪ್ರತ್ಯಾಮ್ಲಗಳು, ಅಂದರೆ ಈ ಎ, ಟಿ, ಜಿ, ಸಿ ಅಕ್ಷರಗಳು, ತಮ್ಮೊಳಗೇ ಒತ್ತಿಕೊಂಡಿರುವುದೂ ಸುರುಳಿಯನ್ನು ಹಿಡಿದಿಡುತ್ತದೆ. ಪಠ್ಯಗಳು ಈ ಎರಡನೆಯದನ್ನು ಹೆಚ್ಚು ಹೇಳುವುದಿಲ್ಲ, ಹೇಳಬೇಕು.

ಡಿಎನ್‌ಎ ನಕಲು ಮಾಡುವ ಪಿಸಿಆರ್ ಯಂತ್ರದಲ್ಲಿ 94 ಡಿಗ್ರಿಗೆ ಕಾಯಿಸಿದರೆ ಎಳೆಗಳು ಬಿಟ್ಟುಕೊಳ್ಳುತ್ತವೆ, ತಣಿದರೆ ಮತ್ತೆ ಜೋಡಿ ಹುಡುಕಿಕೊಳ್ಳುತ್ತವೆ. ಆದರೆ ಎಳೆಯ ಬೆನ್ನು ಮುರಿಯುವುದಿಲ್ಲ. ಬಿಡಿಸಲು ಬಿಸಿ ಸಾಕು, ಕಡಿಯಲು ಕಿಣ್ವ ಬೇಕು. ಇಷ್ಟು ಮನಸ್ಸಿಗೆ ಹೋದರೆ ಮುಂದಿನ ಮುಕ್ಕಾಲು ಪಾಠ ತಾನಾಗಿ ನಡೆಯುತ್ತದೆ.

ಅಳತೆಗಳನ್ನೂ ಇಲ್ಲೇ ಕೊಟ್ಟುಬಿಡುತ್ತೇನೆ. ಸುರುಳಿಯ ದಪ್ಪ 2 ನ್ಯಾನೊಮೀಟರ್, ಒಂದು ಜೋಡಿಗೂ ಮುಂದಿನದಕ್ಕೂ 0.34 ನ್ಯಾನೊಮೀಟರ್, ಒಂದು ಸುತ್ತಿಗೆ ಸುಮಾರು ಹತ್ತು ಜೋಡಿ. 1952ರಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ರೇಮಂಡ್ ಗಾಸ್ಲಿಂಗ್ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಈ ಅಳತೆಗಳು ಅಡಗಿದ್ದವು. ವಾಟ್ಸನ್ ಮತ್ತು ಕ್ರಿಕ್ ಅವರ ಮಾದರಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 1953ರ ಏಪ್ರಿಲ್ 25ರಂದು. ಮಕ್ಕಳಿಗೆ ಮನುಷ್ಯನ ಲೆಕ್ಕಕ್ಕಿಂತ ಭತ್ತದ ಲೆಕ್ಕ ಮಾಡಿಸುವುದು ನನಗಿಷ್ಟ. ಭತ್ತದ ಜೀನೋಮ್ ಸುಮಾರು 39 ಕೋಟಿ ಅಕ್ಷರ. ಅಪ್ಪನದೊಂದು, ಅಮ್ಮನದೊಂದು ಸೇರಿ ಎರಡು ಪ್ರತಿ. 0.34ರಿಂದ ಗುಣಿಸಿದರೆ 26 ಸೆಂಟಿಮೀಟರ್ ಚಿಲ್ಲರೆ. ಭತ್ತದ ಎಲೆಯ ಒಂದೊಂದು ಕೋಶದಲ್ಲೂ ಒಂದು ಗೇಣಿಗಿಂತ ಉದ್ದದ ದಾರ, ಮೀಟರಿನ ಲಕ್ಷದ ಒಂದು ಭಾಗದಷ್ಟೂ ಅಗಲವಿಲ್ಲದ ಕೋಶಕೇಂದ್ರದೊಳಗೆ.

2. ದಿಕ್ಕು ಕಲಿಸಲು ಎರಡು ಕಬ್ಬಿನ ಜಲ್ಲೆ ಸಾಕು

ಎಳೆಯ ಎರಡು ಕೊನೆಗಳನ್ನು ‘5-ಪ್ರೈಮ್’, ‘3-ಪ್ರೈಮ್’ ಅನ್ನುತ್ತಲೇ ತರಗತಿಯ ಕಣ್ಣು ಮಂಕಾಗುತ್ತದೆ. ಕಬ್ಬಿಗೆ ಬುಡ ಇದೆ, ತುದಿ ಇದೆ. ಗಿಣ್ಣಿನ ಕಣ್ಣು ನೋಡಿದರೆ ಯಾವ ಕಡೆ ಬುಡ ಎಂದು ನಮ್ಮ ಹುಡುಗರು ತುಂಡನ್ನು ನೋಡಿಯೇ ಹೇಳುತ್ತಾರೆ. ಒಂದರ ಬುಡಕ್ಕೆ ಇನ್ನೊಂದರ ತುದಿ ಬರುವಂತೆ ಎರಡು ಜಲ್ಲೆ ಜೋಡಿಸಿ. ಡಿಎನ್‌ಎಯ ಎರಡು ಎಳೆಗಳು ಮಲಗಿರುವುದು ಹಾಗೆ. 5-ಪ್ರೈಮ್ ಬುಡ, 3-ಪ್ರೈಮ್ ತುದಿ. ಈ ಹೋಲಿಕೆ ಇನ್ನೂ ಒಂದು ಹೆಜ್ಜೆ ಜೊತೆಗೆ ಬರುತ್ತದೆ: ಕಬ್ಬು ಬೆಳೆಯುವುದು ತುದಿಯಲ್ಲಿ ಮಾತ್ರ, ಡಿಎನ್‌ಎ ಎಳೆಯೂ ಅಷ್ಟೆ.

ಯಾಕೆ ತುದಿಯಲ್ಲೇ? ಜಾಣ ಹುಡುಗಿ ಒಬ್ಬಳಾದರೂ ಪ್ರತಿ ಬ್ಯಾಚಿನಲ್ಲಿ ಕೇಳುತ್ತಾಳೆ. ಹೊಸದಾಗಿ ಬರುವ ಅಕ್ಷರ ಮೂರು ಫಾಸ್ಫೇಟ್ ಹೊತ್ತು ಬರುತ್ತದೆ. ಅದರಲ್ಲಿ ಎರಡು ಕಳಚಿದಾಗ ಸಿಗುವ ಶಕ್ತಿಯಿಂದಲೇ ಹೊಸ ಬಂಧ ಏರ್ಪಡುತ್ತದೆ. ಅಂದರೆ ಪ್ರತಿ ಅಕ್ಷರವೂ ತನ್ನ ಬುತ್ತಿ ತಾನೇ ತರುತ್ತದೆ. ತಪ್ಪು ಅಕ್ಷರ ಕೂತರೆ ಎಳೆ ಬೆಳೆಸುವ ಕಿಣ್ವ, ಪಾಲಿಮರೇಸ್, ಅದನ್ನು ಕಿತ್ತುಹಾಕಿ ಸರಿಯಾದದ್ದನ್ನು ಕೂರಿಸಬಹುದು, ಅದೂ ತನ್ನ ಶಕ್ತಿ ತಂದಿರುತ್ತದೆ. ಬೆಳವಣಿಗೆ ಬುಡದ ಕಡೆಯಿಂದ ಆಗುವಂತಿದ್ದರೆ ಶಕ್ತಿ ಎಳೆಯ ಕೊನೆಯಲ್ಲಿ ಇರಬೇಕಿತ್ತು. ಒಂದು ತಪ್ಪು ಅಕ್ಷರ ಕಿತ್ತ ಕೂಡಲೇ ಶಕ್ತಿಯೂ ಹೋಗಿ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಇದರಿಂದಾಗಿ ಎರಡನೇ ಎಳೆಯನ್ನು ತುಂಡುತುಂಡಾಗಿಯೇ ಬರೆಯಬೇಕಾಗುತ್ತದೆ. 1960ರ ದಶಕದ ಕೊನೆಯಲ್ಲಿ ಜಪಾನಿನ ಒಕಾಜಾಕಿ ದಂಪತಿ ತೋರಿಸಿಕೊಟ್ಟ ತುಂಡುಗಳು ಇವೇ.

ಪರೀಕ್ಷೆಯ ಮಾತು: ಚಿತ್ರ ಬರೆದರೆ ನಾಲ್ಕು ಕೊನೆಗಳಲ್ಲೂ ಅಂಕಿ ಹಾಕಿ. ಅಂಕಿಯಿಲ್ಲದ ಚಿತ್ರ ಎಷ್ಟು ಅಂದವಾಗಿದ್ದರೂ ಅರ್ಧ ಚಿತ್ರ.

3. ಬಾಳೆಹಣ್ಣಿನಿಂದ ಬಂದ ಬಿಳಿ ದಾರವನ್ನು ಕಣ್ಣುಮುಚ್ಚಿ ಡಿಎನ್‌ಎ ಅನ್ನಬೇಡಿ

ಪಿಯುಸಿ ಪ್ರಾಯೋಗಿಕದಲ್ಲಿ ಪಾಲಕ್ ಸೊಪ್ಪು, ಹಸಿ ಬಟಾಣಿ, ಪರಂಗಿ ಇಂಥವುಗಳಿಂದ ಡಿಎನ್‌ಎ ತೆಗೆಯುವ ಪ್ರಯೋಗವಿದೆ. ನಾನು ಚೆನ್ನಾಗಿ ಕಳಿತ ಪಚ್ಚಬಾಳೆ ಬಳಸುತ್ತೇನೆ. ಅದರ ಕೋಶಗಳಲ್ಲಿ ವರ್ಣತಂತುಗಳ ಮೂರು ಪ್ರತಿ ಇರುತ್ತವೆ, ಹಿಸುಕಲು ಸುಲಭ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅರ್ಧ ಹಣ್ಣು ಹಿಸುಕಿ, ಅರ್ಧ ಲೋಟ ನೀರಿಗೆ ಕಾಲು ಚಮಚ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೊರೆಯೇಳದಂತೆ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ್ದನ್ನು ಪ್ರನಾಳದಲ್ಲಿ ಕಾಲು ಭಾಗ ತುಂಬಿ. ಫ್ರೀಜರಿನಲ್ಲಿಟ್ಟ ಸ್ಪಿರಿಟ್ಟನ್ನು ಪ್ರನಾಳದ ಗೋಡೆಯ ಮೇಲಿಂದ ಮೆಲ್ಲಗೆ ಇಳಿಸಿ. ಎರಡು ದ್ರವ ಕೂಡುವ ಜಾಗದಲ್ಲಿ ಬಿಳಿ ಎಳೆಗಳು ಗುಳ್ಳೆಗಳ ಸಮೇತ ಮೇಲೇಳುತ್ತವೆ. ಗಾಜಿನ ಕಡ್ಡಿಗೆ ಸುತ್ತಿ ತೆಗೆಯಬಹುದು. ಅಷ್ಟು ಹೊತ್ತಿಗೆ ಹಿಂದಿನ ಬೆಂಚಿನವರೂ ಮುಂದೆ ಬಂದಿರುತ್ತಾರೆ.

ಒಂದೊಂದು ಹೆಜ್ಜೆಗೂ ರಚನೆಯಲ್ಲೇ ಉತ್ತರವಿದೆ. ಸಾಬೂನು ಕೋಶದ ಕೊಬ್ಬಿನ ಪೊರೆ ಕರಗಿಸುತ್ತದೆ. ಫಾಸ್ಫೇಟ್‌ಗಳ ಋಣ ವಿದ್ಯುತ್ತಿನಿಂದಾಗಿ ಎಳೆಗಳು ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪಿನ ಸೋಡಿಯಂ ಆ ಋಣವನ್ನು ಮುಚ್ಚುತ್ತದೆ. ಸ್ಪಿರಿಟ್ ನೀರಿನ ಪಹರೆ ತೆಗೆದಾಗ ಎಳೆಗಳು ಗುಂಪುಗೂಡಿ ಹೊರಬರುತ್ತವೆ. ಪರಂಗಿಕಾಯಿಯ ಹಾಲು ಒಂದೆರಡು ಹನಿ ಹಾಕಿದರೆ ಅದರ ಪಪೈನ್ ಡಿಎನ್‌ಎಗೆ ಅಂಟಿದ ಪ್ರೋಟೀನನ್ನು ಜೀರ್ಣಿಸುತ್ತದೆ.

ಇಲ್ಲಿಗೆ ನಿಲ್ಲಿಸುವವರು ಬಹಳ. ಕಡ್ಡಿಗೆ ಸುತ್ತಿದ್ದರಲ್ಲಿ ಪೆಕ್ಟಿನ್ ಲೋಳೆಯೂ ಇದೆ, ಅದೂ ಸ್ಪಿರಿಟ್ಟಿನಲ್ಲಿ ಬಿಳಿಯಾಗಿಯೇ ಗಟ್ಟಿಯಾಗುತ್ತದೆ. ಹಾಗಾದರೆ ಡಿಎನ್‌ಎ ಇದೆ ಎಂದು ಗೊತ್ತಾಗುವುದು ಹೇಗೆ? ಕಿಣ್ವವನ್ನು ಕೇಳಬೇಕು. ದಾರವನ್ನು ನೀರಿನಲ್ಲಿ ಮತ್ತೆ ಕರಗಿಸಿ ಮೂರು ಪ್ರನಾಳಕ್ಕೆ ಹಂಚಿ. ಎಲ್ಲಕ್ಕೂ ಸ್ವಲ್ಪ ಮೆಗ್ನೀಸಿಯಂ ಉಪ್ಪು. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಡಿಎನ್‌ಏಸ್ ಕಿಣ್ವ. ಮೂರನೆಯದಕ್ಕೆ ಮೊದಲು ಸಾಕಷ್ಟು ಇಡಿಟಿಎ, ಆಮೇಲೆ ಡಿಎನ್‌ಏಸ್. 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ತಣ್ಣನೆಯ ಸ್ಪಿರಿಟ್ ಸುರಿದರೆ, ಎರಡನೆಯದರಲ್ಲಿ ಕಡ್ಡಿಗೆ ಸುತ್ತುವಂಥ ದಾರ ಬರುವುದಿಲ್ಲ, ಬರಿಯ ಲೋಳೆ. ಉದ್ದನೆಯ ಎಳೆಯನ್ನು ಕಿಣ್ವ ಸಿಕ್ಕಸಿಕ್ಕ ಕಡೆ ಕಡಿದು ಪುಡಿಮಾಡಿದೆ. ಮೂರನೆಯದರಲ್ಲಿ ದಾರ ಉಳಿದಿರುತ್ತದೆ. ಡಿಎನ್‌ಏಸ್‌ಗೆ ಬೇಕಾದ ಲೋಹದ ಅಯಾನುಗಳನ್ನು ಇಡಿಟಿಎ ಹಿಡಿದುಕೊಂಡಿತು, ಕಿಣ್ವ ಕೈಕಟ್ಟಿ ಕೂತಿತು. ಮೂರು ಪ್ರನಾಳ ಪಕ್ಕಪಕ್ಕ ಇಟ್ಟರೆ ನಾನು ಬಾಯಿ ತೆಗೆಯಬೇಕಾಗಿಲ್ಲ.

4. ‘ಎಳ್ನೀರಲ್ಲೂ ಡಿಎನ್‌ಎ ಐತಾ ಸಾ?’

ಎಳನೀರಿನ ಮಾರುಕಟ್ಟೆಗೇ ಹೆಸರಾದ ಊರಿನಲ್ಲಿ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯ. ಐತೆ ಕಣಪ್ಪ, ಆದರೆ ದಾರ ನಿರೀಕ್ಷಿಸಬೇಡ. ಎಳನೀರು ತೆಂಗಿನ ಭ್ರೂಣಾಹಾರ. ಮೊದಮೊದಲು ಅದರಲ್ಲಿ ಕೋಶದ ಗೋಡೆಯೇ ಇಲ್ಲದೆ ಕೋಶಕೇಂದ್ರಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆಮೇಲೆ ಅವು ಅಂಚಿಗೆ ಸರಿದು, ಗೋಡೆ ಕಟ್ಟಿಕೊಂಡು, ಗಂಜಿಯಾಗಿ, ಕೊನೆಗೆ ಕೊಬ್ಬರಿಯಾಗುತ್ತವೆ. ಮಾರಾಟಕ್ಕೆ ಬರುವ ಹೊತ್ತಿಗೆ ನೀರಿನಲ್ಲಿ ಉಳಿದಿರುವುದು ತೀರಾ ಕಡಿಮೆ. ಬೇಕಾದರೆ ಗಂಜಿ ಕೆರೆದು ಪ್ರಯೋಗ ಮಾಡಿ.

ಎಳನೀರಿಗೂ ಡಿಎನ್‌ಎಗೂ ಇನ್ನೊಂದು ನಂಟಿದೆ. ಸಸ್ಯದ ಭ್ರೂಣವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೆಂಗಿನ ನೀರು ಸಹಾಯಮಾಡುತ್ತದೆಂದು 1941ರಲ್ಲೇ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ಕಂಡಿದ್ದರು. ಅದರೊಳಗಿನ ಮದ್ದು ಯಾವುದು ಎಂಬ ಹುಡುಕಾಟ ನಡೆದಿರುವಾಗ, 1955ರಲ್ಲಿ ಮಿಲ್ಲರ್ ಮತ್ತು ಸ್ಕೂಗ್ ತಂಡಕ್ಕೆ ಅಂಥದೇ ಗುಣದ ವಸ್ತು ಸಿಕ್ಕಿದ್ದು ಎಲ್ಲಿ? ಹೆರ್ರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಆಟೊಕ್ಲೇವಿನಲ್ಲಿ ಬೇಯಿಸಿದ ದ್ರವದಲ್ಲಿ. ಹೆಸರು ಕೈನೆಟಿನ್. ಪ್ರತ್ಯಾಮ್ಲ ಎ, ಅಂದರೆ ಅಡಿನೀನ್, ಪಕ್ಕದ ಸಕ್ಕರೆಯ ಮುರುಕಿನೊಂದಿಗೆ ಸೇರಿ ಆದದ್ದು. ಈ ಗುಂಪಿಗೆ ಸೈಟೊಕೈನಿನ್ ಎಂದು ಹೆಸರಾಯಿತು. ಕೊನೆಯ ಪಾಠದಲ್ಲಿ ಇದು ಭತ್ತದ ಗದ್ದೆಗೆ ಬರುತ್ತದೆ.

5. ವಿಕಟಕವಿಯಿಂದ ಶುರುಮಾಡಿ, ಆದರೆ ಅಲ್ಲೇ ನಿಲ್ಲಬೇಡಿ

ರಿಸ್ಟ್ರಿಕ್ಷನ್ ಕಿಣ್ವ ಗುರುತಿಸುವ ಜಾಗಕ್ಕೆ ಪ್ಯಾಲಿಂಡ್ರೋಮ್ ಅನ್ನುತ್ತಾರೆ. ಮೇಷ್ಟ್ರುಗಳೆಲ್ಲ ‘ವಿಕಟಕವಿ’ ಉದಾಹರಣೆ ಕೊಡುತ್ತೇವೆ. ಆಮೇಲೆ ಈಕೋಆರ್-1 ಗುರುತಿಸುವ ಜಿ-ಎ-ಎ-ಟಿ-ಟಿ-ಸಿ ಬರೆದರೆ ಮಕ್ಕಳು ಹಿಂದಿನಿಂದ ಓದಿ ‘ಒಂದೇ ಥರ ಇಲ್ವಲ್ಲ ಸಾ’ ಅನ್ನುತ್ತಾರೆ. ಅವರು ಹೇಳುವುದು ಸರಿ. ಇಲ್ಲಿ ಹಿಂದುಮುಂದಾಗುವುದು ಒಂದೇ ಎಳೆಯಲ್ಲಲ್ಲ. ಮೇಲಿನ ಎಳೆಯನ್ನು ಅದರ ಬುಡದಿಂದ, ಕೆಳಗಿನ ಎಳೆಯನ್ನು ಅದರ ಬುಡದಿಂದ ಓದಬೇಕು. ಆಗ ಎರಡೂ ಕಡೆ ಜಿ-ಎ-ಎ-ಟಿ-ಟಿ-ಸಿ. ಕಿಣ್ವವೂ ಎರಡು ಒಂದೇ ಥರದ ಅರ್ಧಗಳು ಎದುರುಬದುರು ಕೂಡಿ ಆದದ್ದು. ಒಂದೊಂದು ಅರ್ಧ ಒಂದೊಂದು ಎಳೆಯ ಜಿ ಮತ್ತು ಎ ನಡುವೆ, ಸಕ್ಕರೆ-ಫಾಸ್ಫೇಟ್ ಬೆನ್ನಿನ ಬಂಧಕ್ಕೆ ಕೈಹಾಕುತ್ತದೆ. ಎರಡೂ ಎಳೆ ಒಂದೇ ನೇರದಲ್ಲಿ ಕಡಿಯದ ಕಾರಣ ನಾಲ್ಕು ಅಕ್ಷರದ ಒಂಟಿ ಎಳೆ ಎರಡೂ ತುಂಡಿನಲ್ಲಿ ಚಾಚಿಕೊಂಡು ಉಳಿಯುತ್ತದೆ.

ಆರು ಅಕ್ಷರದ ಗುರುತು ಲೆಕ್ಕದ ಪ್ರಕಾರ 4,096 ಅಕ್ಷರಕ್ಕೊಮ್ಮೆ ಬರಬೇಕು. ಭತ್ತದ 39 ಕೋಟಿಯಲ್ಲಿ ಸುಮಾರು 95 ಸಾವಿರ ಕಡೆ. ಈ ಕಿಣ್ವವನ್ನು ಮಾಡುವ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೂ ಈ ಗುರುತು ಇದ್ದೇ ಇರುತ್ತದೆ. ಮತ್ತೆ ತನ್ನನ್ನೇ ಯಾಕೆ ಕಡಿದುಕೊಳ್ಳುವುದಿಲ್ಲ? ಜೊತೆಯಲ್ಲೇ ಇನ್ನೊಂದು ಕಿಣ್ವ, ಮೀಥೈಲೇಸ್, ಆ ಆರು ಅಕ್ಷರಗಳಲ್ಲಿ ಒಳಗಿನ ಎ ಮೇಲೆ ಪುಟ್ಟದೊಂದು ಮೀಥೈಲ್ ಗುಂಪು ಕೂರಿಸಿರುತ್ತದೆ. ಇದು ಬೆನ್ನಿನ ಬಂಧವನ್ನು ಕಡಿಯುವುದೂ ಇಲ್ಲ, ಕಟ್ಟುವುದೂ ಇಲ್ಲ. ಅಕ್ಷರ ಬದಲಾಗದೆ ಗುರುತು ಬದಲಾಗುತ್ತದೆ. ಹೊರಗಿನಿಂದ ನುಗ್ಗಿದ ವೈರಸ್ಸಿನ ಡಿಎನ್‌ಎಗೆ ಆ ಮುದ್ರೆ ಇಲ್ಲ, ಕಡಿತಕ್ಕೆ ಸಿಗುತ್ತದೆ. ಈ ಕಥೆಯ ಬೇರೆಬೇರೆ ತುದಿಗಳನ್ನು ಬಿಡಿಸಿದ ಆರ್ಬರ್, ಸ್ಮಿತ್, ನಾಥನ್ಸ್ ಅವರಿಗೆ 1978ರ ನೊಬೆಲ್ ಬಂತು.

6. ಅಕ್ಷರ ಸರಿಯಿದ್ದರೂ ಉಪ್ಪು ತಪ್ಪಿದರೆ ಕಿಣ್ವದ ನಡತೆ ಕೆಡುತ್ತದೆ

ಈಕೋಆರ್-1ಕ್ಕೆ ಕಡಿಯಲು ಮೆಗ್ನೀಸಿಯಂ ಬೇಕು. ಅದರ ಜಾಗದಲ್ಲಿ ಮ್ಯಾಂಗನೀಸ್ ಇದ್ದರೆ, ಗ್ಲಿಸರಾಲ್ ಜಾಸ್ತಿಯಾದರೆ, ಗುರುತಿಗೆ ಹತ್ತಿರದ ಬೇರೆ ಜಾಗಗಳನ್ನೂ ಕಡಿಯತೊಡಗುತ್ತದೆ. ಇದಕ್ಕೆ ಸ್ಟಾರ್ ಆಕ್ಟಿವಿಟಿ ಎನ್ನುತ್ತಾರೆ. ಕಿಣ್ವ ಹೆಚ್ಚು ಹಾಕಿದರೆ ಹೆಚ್ಚು ಚೆನ್ನಾಗಿ ಕಡಿಯುತ್ತದೆ ಎಂಬ ಆಸೆ ಬೇಡ. ಒಟ್ಟು ಮಿಶ್ರಣದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಿಣ್ವ ಸುರಿಯಬಾರದು ಎಂಬ ಕಟ್ಟಳೆ ಇರುವುದು ಅದರ ಜೊತೆ ಬರುವ ಗ್ಲಿಸರಾಲ್ ಕಾರಣಕ್ಕೆ.

ಈ ವಿಷಯದಲ್ಲಿ ಒಳ್ಳೆಯ ಉದಾಹರಣೆ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಕೆಪಿಎನ್-1 ಎಂಬ ಕಿಣ್ವದ ಬೆನ್ನುಹತ್ತಿತ್ತು. ಮೆಗ್ನೀಸಿಯಂ ಇದ್ದಾಗಲೂ ಇದು ತನ್ನದಲ್ಲದ ಜಾಗಗಳಿಗೆ ಕೈಹಾಕುವಂಥದ್ದು. ಕ್ಯಾಲ್ಸಿಯಂ ಕೊಟ್ಟರೆ ಮಾತ್ರ ತನ್ನ ಗುರುತನ್ನಷ್ಟೇ ಕಡಿಯುತ್ತದೆ, ಅಡ್ಡದಾರಿ ನಿಲ್ಲುತ್ತದೆ ಎಂದು 2004ರಲ್ಲಿ ತೋರಿಸಿದರು. ಹೆಚ್ಚಿನ ರಿಸ್ಟ್ರಿಕ್ಷನ್ ಕಿಣ್ವಗಳು ಕ್ಯಾಲ್ಸಿಯಂ ಕೊಟ್ಟರೆ ಕೆಲಸವನ್ನೇ ನಿಲ್ಲಿಸುವುದರಿಂದ ಇದು ಬೆರಗಿನ ಸಂಗತಿ. ಅದೇ ಸಂಸ್ಥೆಯಲ್ಲಿ ಡಿ.ಎನ್. ರಾವ್ ಅವರು ಮೀಥೈಲ್ ಮುದ್ರೆ ಒತ್ತುವ ಕಿಣ್ವಗಳ ಮೇಲೆ ದಶಕಗಳ ಕಾಲ ದುಡಿದವರು. ನಮ್ಮಿಂದ ಎಂಬತ್ತು ಕಿಲೋಮೀಟರ್ ದೂರದಲ್ಲಿ ಆದ ಈ ಕೆಲಸಗಳು ನಮ್ಮ ಮಕ್ಕಳ ಪುಸ್ತಕದಲ್ಲಿ ಒಂದು ಸಾಲಾಗಿಯೂ ಇಲ್ಲದಿರುವುದು ನನಗೆ ಸರಿಕಾಣುವುದಿಲ್ಲ.

7. ಜೆಲ್ಲಿನಲ್ಲಿ ಪಟ್ಟಿ ಎಣಿಸಿ, ಆಮೇಲೆ ಕಾಣದ ಪಟ್ಟಿಯ ಬಗ್ಗೆ ಕೇಳಿ

ಡಿಗ್ರಿಯವರಿಗೆ ನಾನು ಎಂದೂ ಬಿಡದ ಪ್ರಯೋಗ, ಲ್ಯಾಂಬ್ಡಾ ವೈರಸ್ಸಿನ ಡಿಎನ್‌ಎಯನ್ನು ಹಿಂಡ್-3 ಕಿಣ್ವದಿಂದ ಕಡಿಯುವುದು. ಒಟ್ಟು 48,502 ಅಕ್ಷರ, ಏಳು ಕಡೆ ಕಡಿತ, ಎಂಟು ತುಂಡು. ಅಗರೋಸ್ ಜೆಲ್ಲಿನಲ್ಲಿ ಕರೆಂಟು ಹರಿಸಿದಾಗ ಡಿಎನ್‌ಎ ಧನ ತುದಿಯ ಕಡೆ, ಕೆಂಪು ವೈರಿನ ಕಡೆ ಓಡುತ್ತದೆ. ಕಾರಣ ಮತ್ತೆ ಅದೇ ಫಾಸ್ಫೇಟ್. ಅಕ್ಷರಕ್ಕೊಂದು ಫಾಸ್ಫೇಟ್ ಇರುವುದರಿಂದ ಉದ್ದಕ್ಕೆ ತಕ್ಕಷ್ಟೇ ವಿದ್ಯುತ್ತು. ಹಾಗಾಗಿ ಜೆಲ್ಲಿನ ಜಾಲರಿ ಉದ್ದದ್ದನ್ನು ಹೆಚ್ಚು ತಡೆದು, ಉದ್ದದ ಪ್ರಕಾರ ಬೇರ್ಪಡಿಸುತ್ತದೆ.

ಮಕ್ಕಳು ಎಣಿಸುತ್ತಾರೆ: ಆರು, ಹೆಚ್ಚೆಂದರೆ ಏಳು. ಎಂಟನೆಯದೆಲ್ಲಿ? 125 ಅಕ್ಷರದ ತುಂಡು ಎಲ್ಲರಿಗಿಂತ ಮುಂದೆ ಓಡಿ ಜೆಲ್ಲಿನಿಂದಲೇ ಹೊರಗೆ ಹೋಗಿರಬಹುದು, ಇದ್ದರೂ ಅದರೊಳಗೆ ಕೂರುವ ಬಣ್ಣ ತೀರಾ ಕಡಿಮೆ. 564ರದೂ ಮಸುಕು. ಇದು ಸುಲಭದ ಉತ್ತರ. ಕಷ್ಟದ್ದು 4,361 ಅಕ್ಷರದ ಪಟ್ಟಿ. ಕೆಲವು ಬ್ಯಾಚುಗಳಲ್ಲಿ ಅದು ಇರಬೇಕಾದ್ದಕ್ಕಿಂತ ತೆಳ್ಳಗೆ, 23,130ರ ಪಟ್ಟಿಗೂ ಮೇಲೆ ಇನ್ನೊಂದು ದಪ್ಪ ಪಟ್ಟಿ. ಲ್ಯಾಂಬ್ಡಾದ ಎರಡು ಕೊನೆಗಳಲ್ಲೂ ಹನ್ನೆರಡು ಅಕ್ಷರದ ಒಂಟಿ ಎಳೆ ಇದೆ, ಒಂದಕ್ಕೊಂದು ಜೋಡಿಯಾಗುವಂಥದ್ದು, ಬಹುಪಾಲು ಜಿ ಮತ್ತು ಸಿ. ಕಿಣ್ವ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಮೊದಲ ತುಂಡೂ ಕೊನೆಯ ತುಂಡೂ ಹೈಡ್ರೋಜನ್ ಬಂಧದಲ್ಲಿ ಮತ್ತೆ ಕೈಹಿಡಿದಿವೆ, ಅಷ್ಟೆ. ಜೆಲ್ಲಿಗೆ ಹಾಕುವ ಮೊದಲು 65 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು ಥಟ್ಟನೆ ಐಸಿಗೆ ಇಳಿಸಿದರೆ ಬಿಡುತ್ತವೆ. ಕಾಯಿಸಿದ್ದನ್ನೂ ಕಾಯಿಸದ್ದನ್ನೂ ಪಕ್ಕದ ಗುಂಡಿಗಳಲ್ಲಿ ಓಡಿಸಿ. ಮೊದಲ ಪಾಠದ ಎರಡು ಬಂಧಗಳನ್ನು ಕಣ್ಣಿಂದ ನೋಡಿದಂತಾಗುತ್ತದೆ.

8. ಲೈಗೇಸ್‌ಗೆ 16 ಡಿಗ್ರಿ ಯಾಕೆಂದು ಕೇಳಿಯೇ ಪ್ರಯೋಗ ಶುರುಮಾಡಿ

ಟಿ4 ಲೈಗೇಸ್ ಕಿಣ್ವಕ್ಕೆ ಬಿಸಿ ಇದ್ದಷ್ಟೂ, ಒಂದು ಮಿತಿಯವರೆಗೆ, ಹುರುಪು. ಆದರೂ ರಾತ್ರಿಯಿಡೀ 16 ಡಿಗ್ರಿಯಲ್ಲಿ ಇಡಿ ಎಂದು ಕೈಪಿಡಿ ಹೇಳುತ್ತದೆ. ಈಕೋಆರ್-1 ಬಿಟ್ಟುಹೋದ ಎ-ಎ-ಟಿ-ಟಿ ಬಾಲಗಳು ಒಂದನ್ನೊಂದು ಹಿಡಿಯುವುದು ಬರೀ ಎಂಟು ಹೈಡ್ರೋಜನ್ ಬಂಧಗಳಿಂದ. 37 ಡಿಗ್ರಿಯಲ್ಲಿ ಲೈಗೇಸ್ ಬಂದು ತಲುಪುವ ಮೊದಲೇ ಕೈಬಿಟ್ಟಿರುತ್ತವೆ. ಕಿಣ್ವದ ಹುರುಪಿಗೂ ಬಾಲಗಳ ಹಿಡಿತಕ್ಕೂ ನಡುವಿನ ರಾಜಿ ಈ 16. ಬೆನ್ನಿನ ಬಂಧ ಕೂಡಿಸಲು ಶಕ್ತಿ ಕೊಡುವುದು ಎಟಿಪಿ, ಅದು ಬಫರಿನಲ್ಲಿರುತ್ತದೆ.

ಮದ್ದೂರಿನಂಥ ಊರಿಗೆ ಇದರಲ್ಲಿ ಕೆಲವು ಉಪಪಾಠಗಳಿವೆ. ಕಿಣ್ವ ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ಜೊತೆ ಬರುತ್ತದೆ. ಬಂದ ದಿನವೇ ಬಫರನ್ನು ಚಿಕ್ಕಚಿಕ್ಕ ಟ್ಯೂಬುಗಳಿಗೆ ಹಂಚಿ. ಒಂದೇ ಟ್ಯೂಬನ್ನು ಹತ್ತು ಸಲ ಕರಗಿಸಿ ಹೆಪ್ಪುಗಟ್ಟಿಸಿದರೆ ಎಟಿಪಿ ಸಾಯುತ್ತದೆ, ಬೈಗುಳ ಲೈಗೇಸ್‌ಗೆ. ಕಿಣ್ವ ಅರ್ಧದಷ್ಟು ಗ್ಲಿಸರಾಲ್‌ನಲ್ಲಿ ಇರುವುದರಿಂದ ಮೈನಸ್ 20ರಲ್ಲೂ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗಿಲ್ಲವಲ್ಲ, ಫ್ರೀಜರ್ ಕೆಟ್ಟಿದೆ ಎಂದು ಗಾಬರಿ ಬೇಡ. ಫ್ರಾಸ್ಟ್ ಫ್ರೀ ಫ್ರಿಜ್ಜು ಮಂಜು ಕರಗಿಸಲು ಆಗಾಗ ತಾನೇ ಬಿಸಿಯಾಗುತ್ತದೆ. ಮನೆಗೆ ಒಳ್ಳೆಯದು, ಕಿಣ್ವಕ್ಕಲ್ಲ. ಕರೆಂಟು ಹೋದಾಗ ಬಾಗಿಲು ತೆರೆದು ನೋಡುವ ಚಪಲ ತಡೆದುಕೊಳ್ಳಿ.

9. ಪಿಸಿಆರ್ ಹೇಳಿಕೊಡಲು ಕೆಆರ್‌ಎಚ್-2 ಬೀಜದ ಚೀಲ ಸಾಕು

ಪಾಲಿಮರೇಸ್ ಖಾಲಿ ಜಾಗದಲ್ಲಿ ಶುರುಮಾಡಲಾರದು. ಮೊದಲೇ ಕೂತ ತುಂಡಿನ, ಅಂದರೆ ಪ್ರೈಮರಿನ, 3-ಪ್ರೈಮ್ ತುದಿಗೆ ಮಾತ್ರ ಸೇರಿಸಬಲ್ಲದು. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಟ್ಯಾಕ್ ಪಾಲಿಮರೇಸ್ 94 ಡಿಗ್ರಿಗೂ ಕೆಡದ್ದರಿಂದ ಪಿಸಿಆರ್ ಸುಲಭವಾಯಿತು. 30 ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಹೈಬ್ರಿಡ್ ಭತ್ತ ಕೆಆರ್‌ಎಚ್-2. ತಾಯಿ ಐಆರ್ 58025ಎ, ಗಂಡು ಪರಾಗವಿಲ್ಲದ ಸಾಲು. ತಂದೆ ಮಂಡ್ಯದ್ದೇ ಕೆಎಂಆರ್-3. ಚೀಲದಲ್ಲಿರುವುದು ನಿಜವಾದ ಹೈಬ್ರಿಡ್ಡೇ, ಬೆರಕೆಯೇ ಎಂದು ತಿಳಿಯಲು ಹಿಂದೆ ಒಂದು ಹಂಗಾಮು ಬೆಳೆದೇ ನೋಡಬೇಕಿತ್ತು. ಈಗ ಎಳೆ ಪೈರಿನ ಚೂರು ಎಲೆ ಸಾಕು. ಜೀನೋಮಿನಲ್ಲಿ ಜಿ-ಎ, ಜಿ-ಎ ಎಂದು ಒಂದೇ ಪದ ತೊದಲುವ ಜಾಗಗಳಿವೆ. ತೊದಲು ತಾಯಿಯಲ್ಲಿ ಒಂದು ಉದ್ದ, ತಂದೆಯಲ್ಲಿ ಇನ್ನೊಂದು ಉದ್ದ. ಅಂಥ ಜಾಗವನ್ನು ಪಿಸಿಆರ್ ಮಾಡಿ ಜೆಲ್ಲಿನಲ್ಲಿ ಓಡಿಸಿದರೆ ನಿಜವಾದ ಹೈಬ್ರಿಡ್ಡಿನಲ್ಲಿ ಎರಡು ಪಟ್ಟಿ, ಬೆರಕೆ ಸೇರಿದ ತಾಯಿ ಸಾಲಿನಲ್ಲಿ ಒಂದೇ. ಹೈಬ್ರಿಡ್ಡಿನ ಬೀಜ ಮನೆಯಲ್ಲಿ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬೇಡಿ ಅನ್ನುವುದು ಯಾಕೆಂದೂ ಇದರಿಂದಲೇ ತಿಳಿಯುತ್ತದೆ. ಎರಡನೇ ಪೀಳಿಗೆಯಲ್ಲಿ ಅರ್ಧದಲ್ಲಿ ಮಾತ್ರ ಎರಡು ಪಟ್ಟಿ ಉಳಿಯುತ್ತವೆ, ಕಾಲು ಭಾಗ ತಾಯಿಯಂತೆ, ಕಾಲು ಭಾಗ ತಂದೆಯಂತೆ ಒಡೆದುಹೋಗುತ್ತದೆ.

10. ಸುರುಳಿ ಅಂದಮೇಲೆ ಬಿಚ್ಚುವ ಚಿಂತೆ ಇದ್ದೇ ಇದೆ

ಇ. ಕೋಲೈ ಬ್ಯಾಕ್ಟೀರಿಯಾದ 46 ಲಕ್ಷ ಜೋಡಿಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಸುತ್ತು. ಅದು ನಕಲಾಗಲು ಸುಮಾರು 40 ನಿಮಿಷ. ಅಂದರೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತು ಬಿಚ್ಚಬೇಕು, ಮುಂದೆ ಗಂಟುಬೀಳದಂತೆ. ಜೈರೇಸ್ ಎಂಬ ಕಿಣ್ವ ಎರಡೂ ಎಳೆಗಳ ಬೆನ್ನನ್ನು ಮುರಿದು, ತುದಿಗಳನ್ನು ತಾನೇ ಹಿಡಿದುಕೊಂಡು, ಸಂದಿನಲ್ಲಿ ಇನ್ನೊಂದು ಭಾಗವನ್ನು ದಾಟಿಸಿ ಮತ್ತೆ ಬೆಸೆಯುತ್ತದೆ. ಬೆನ್ನು ಮುರಿದಿರುವ ಆ ಗಳಿಗೆಯಲ್ಲೇ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಜೈರೇಸನ್ನು ಸಿಕ್ಕಿಹಾಕಿಸುತ್ತದೆ. ಮುರಿದದ್ದು ಮುರಿದೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ. ಮೆಡಿಕಲ್ ಸ್ಟೋರಿನ ಮಾತ್ರೆಯ ಹೆಸರು ಬಂದ ಕೂಡಲೇ ತರಗತಿ ನೆಟ್ಟಗಾಗುತ್ತದೆ.

11. ‘ಆರ್‌ಎನ್‌ಎಯಲ್ಲಿ ಯು, ಡಿಎನ್‌ಎಯಲ್ಲಿ ಟಿ ಯಾಕೆ?’ ಎಂಬುದಕ್ಕೆ ಉತ್ತರವಿದೆ

ಸಿ ತಾನಾಗಿ ಒಮ್ಮೊಮ್ಮೆ ಕೆಟ್ಟು ಯು ಆಗುತ್ತದೆ. ಡಿಎನ್‌ಎಯಲ್ಲಿ ಯು ಸಹಜ ಅಕ್ಷರವೇ ಆಗಿದ್ದರೆ ಯಾವುದು ಕೆಟ್ಟದ್ದು, ಯಾವುದು ಮೊದಲಿನಿಂದ ಇದ್ದದ್ದು ಎಂದು ತಿಳಿಯುತ್ತಿರಲಿಲ್ಲ. ಟಿ ಅಂದರೆ ಮೀಥೈಲ್ ಗುಂಪು ಹೊತ್ತ ಯು. ಹಾಗಾಗಿ ಡಿಎನ್‌ಎಯಲ್ಲಿ ಮೀಥೈಲ್ ಇಲ್ಲದ ಯು ಕಂಡರೆ ದುರಸ್ತಿ ಕಿಣ್ವ ಅನುಮಾನವಿಲ್ಲದೆ ಕಿತ್ತುಹಾಕುತ್ತದೆ. ಅದು ಕೈಹಾಕುವುದು ಪ್ರತ್ಯಾಮ್ಲಕ್ಕೂ ಸಕ್ಕರೆಗೂ ನಡುವಿನ ಮೂರನೇ ಬಗೆಯ ಬಂಧಕ್ಕೆ. ಈ ದುರಸ್ತಿಯ ದಾರಿ ಕಂಡುಹಿಡಿದ ಟೋಮಸ್ ಲಿಂಡಾಲ್ 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

12. ಜೀನ್ ಎಡಿಟಿಂಗ್‌ನಲ್ಲಿ ಕತ್ತರಿ ಬೇರೆ, ತಿದ್ದುವವರು ಬೇರೆ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ಜೀನೋಮ್ ತಿದ್ದಿದ ಭತ್ತದ ತಳಿ ಪ್ರಕಟಿಸಿದರು. ಅದರಲ್ಲೊಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಕರೆಯುವ ಹೆಸರು ಕಮಲಾ. ಸಾಂಬಾ ಮಸೂರಿಯಿಂದ ಮಾಡಿದ್ದು. ‘ಇದು ಕುಲಾಂತರಿಯಾ?’ ಎಂಬ ಪ್ರಶ್ನೆ ಮಕ್ಕಳಿಗಿಂತ ಮೊದಲು ಅವರ ಅಪ್ಪಂದಿರಿಂದ ಬಂತು.

ಜೀನೋಮ್ ತಿದ್ದುವ ಕತ್ತರಿಯಾದ ಕ್ಯಾಸ್ ಕಿಣ್ವ ಮಾಡುವುದು ಕಡಿತ ಮಾತ್ರ. ರಿಸ್ಟ್ರಿಕ್ಷನ್ ಕಿಣ್ವಕ್ಕೆ ಗುರುತು ಹುಟ್ಟಿನಿಂದ ಬಂದದ್ದು, ಇದಕ್ಕೆ ನಾವು ಕೊಟ್ಟ ಆರ್‌ಎನ್‌ಎ ತುಂಡು ದಾರಿ ತೋರಿಸುತ್ತದೆ. ಇಪ್ಪತ್ತರ ಆಸುಪಾಸಿನ ಅಕ್ಷರಗಳ ಗುರುತು, ಹಾಗಾಗಿ 95 ಸಾವಿರ ಕಡೆಯಲ್ಲ, ಬಹುಮಟ್ಟಿಗೆ ಒಂದೇ ಕಡೆ. ಕಡಿದಮೇಲೆ ತುದಿಗಳನ್ನು ಬೆಸೆಯುವುದು ಭತ್ತದ ಸ್ವಂತ ದುರಸ್ತಿ ಕಿಣ್ವಗಳು, ಅವುಗಳಲ್ಲಿ ಲೈಗೇಸೂ ಒಂದು. ಬೆಸೆಯುವಾಗ ಕೆಲವು ಅಕ್ಷರ ಉದುರುತ್ತವೆ ಇಲ್ಲವೇ ಸೇರುತ್ತವೆ, ಜೀನು ಕೆಡುತ್ತದೆ. ತಿದ್ದುಪಡಿ ಅನ್ನುವುದು ಆ ಅರೆಕೊರೆ ಬೆಸುಗೆಯನ್ನೇ. ಆಮೇಲಿನ ಪೀಳಿಗೆಗಳಲ್ಲಿ ಕ್ಯಾಸ್ ಕಿಣ್ವದ ಜೀನು ಇಲ್ಲದ ಗಿಡಗಳನ್ನು ಆರಿಸಿಕೊಳ್ಳುತ್ತಾರೆ, ಹಾಗಾಗಿ ಹೊರಗಿನ ಜೀನು ಉಳಿಯುವುದಿಲ್ಲ. ಕಮಲಾದಲ್ಲಿ ಹೀಗೆ ಕೆಡಿಸಿದ ಜೀನು ಸೈಟೊಕೈನಿನ್ ಅನ್ನು ಒಡೆಯುವ ಕಿಣ್ವದ್ದು. ಸೈಟೊಕೈನಿನ್ ಅಂದರೆ ನಾಲ್ಕನೇ ಪಾಠದಲ್ಲಿ ಬಂದ, ಎಳನೀರಿನಲ್ಲೂ ಇರುವ ಬಳಗದ ರಸ. ಒಡೆಯುವವರು ಕಡಿಮೆಯಾದರೆ ತೆನೆ ಮೂಡುವಲ್ಲಿ ರಸ ಹೆಚ್ಚು ಉಳಿಯುತ್ತದೆ, ಕಾಳಿನ ಸಂಖ್ಯೆ ಏರುತ್ತದೆ. ಈ ಜೀನಿಗೂ ಕಾಳಿನ ಸಂಖ್ಯೆಗೂ ಇರುವ ನಂಟನ್ನು ಜಪಾನಿನ ಅಶಿಕಾರಿ ಮತ್ತು ಸಂಗಡಿಗರು 2005ರಲ್ಲೇ ತೋರಿಸಿದ್ದರು.

ಬೀಜ ಕೊಳ್ಳುವಾಗ ಇದನ್ನು ಪರೀಕ್ಷಿಸಿ ನೋಡಬಹುದೇ ಎಂದು ಭತ್ತ ಬೆಳೆಯುವ ಒಬ್ಬರು ಕೇಳಿದರು. ಬಿಟಿ ಹತ್ತಿಯ ಎಲೆ ಅರೆದು ಪಟ್ಟಿ ಅದ್ದುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಹೊರಗಿನ ಪ್ರೋಟೀನೇ ಇಲ್ಲ. ಕೆಆರ್‌ಎಚ್-2ಕ್ಕೆ ಮಾಡುವ ಹಾಗೆ ಎರಡು ಪಟ್ಟಿ ಎಣಿಸುವುದೂ ಆಗದು. ಕೆಲವೇ ಅಕ್ಷರದ ವ್ಯತ್ಯಾಸ ಮಾಮೂಲಿ ಅಗರೋಸ್ ಜೆಲ್ಲಿನಲ್ಲಿ ಕಾಣುವುದಿಲ್ಲ. ಕಡಿತ ಯಾವ ಜಾಗದಲ್ಲಾಯಿತು ಎಂದು ಮೊದಲೇ ತಿಳಿದಿರಬೇಕು, ಅಷ್ಟು ಭಾಗವನ್ನು ಪಿಸಿಆರ್ ಮಾಡಿ ಅಕ್ಷರಕ್ಕೆ ಅಕ್ಷರ ಓದಿಸಬೇಕು. ಮದ್ದೂರಿನಲ್ಲಿ ಪಿಸಿಆರ್‌ವರೆಗೆ ನಾವು ಮಾಡಿಕೊಟ್ಟೇವು, ಓದಿಸಲು ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕು ಅಂದೆ. ‘ಖರ್ಚೆಷ್ಟು?’ ಅಂದರು. ಒಂದು ಚೀಲ ಬೀಜದ ದುಡ್ಡಿನ ಪಕ್ಕದಲ್ಲಿ ಅದನ್ನಿಟ್ಟು ಇಬ್ಬರೂ ಲೆಕ್ಕ ಹಾಕಲು ಕೂತೆವು.